ಕೊರೆಯದೆ ಬಿಟ್ಟ ಕಿಂಡಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಎರಡು ಷರತ್ತು ಹಾಕಿದ್ದಾರೆ. ತಮ್ಮ ಹೆಸರನ್ನು ವೇದಿಕೆಯ ಮೇಲೆ ಯಾರೂ ಹೇಳಬಾರದು ಎಂಬುದು ಒಂದು. ಉಪನ್ಯಾಸಕಾರ ಬೋರ್ಡಿನ ಮೇಲೆ ಒಂದಕ್ಕಿಂತ ಹೆಚ್ಚು ಲೆಕ್ಕ ಬರೆಯಬಾರದು ಎಂಬುದು ಇನ್ನೊಂದು. ಮೊದಲನೆಯದನ್ನು ಪಾಲಿಸುವುದು ಸುಲಭ. 34 ವರ್ಷ ಲೋಹಶಾಸ್ತ್ರ ಪಾಠ ಮಾಡಿದವನಿಗೆ ಎರಡನೆಯದು ಉಪವಾಸವಿದ್ದ ಹಾಗೆ. ಆ ಒಂದು ಲೆಕ್ಕವನ್ನು ಮಧ್ಯದಲ್ಲಿ ಬಳಸಿಕೊಳ್ಳುತ್ತೇನೆ, ಈಗಲೇ ಬೇಡ.

ಮಾತಿಗೆ ಕಾರಣವಾದದ್ದು ಒಂದು ಫೋನು. 2025ರ ಏಪ್ರಿಲ್ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ, ಸರಿಯಾಗಿ 250 ವರ್ಷದ ಹಿಂದೆ ನಡೆದ ಕಾಳಗವೊಂದನ್ನು ವೇಷ ಹಾಕಿಕೊಂಡು ಆಡಿ ತೋರಿಸಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲೇ ಹತ್ತಿರದಲ್ಲಿದ್ದಾನೆ. ಅವನ ಪಕ್ಕದ ಮನೆಯವರಿಗೆ ಈ ವೇಷದ ಹುಚ್ಚು. ಅದಾಗಿ ವಾರದ ಮೇಲೆ ಫೋನು ಬಂತು.

"ಸಾರ್, ಇವರ ಹತ್ತಿರ ಒಂದು ಕೋವಿ ಇದೆ. ನಮ್ಮ ದೇಶದಲ್ಲೇ ಮಾಡಿದ್ದಂತೆ. ಗುಂಡು ಹಾಕಿ ಸುಟ್ಟರೆ ತಡೆಯುತ್ತಾ ಅಂತ ನನ್ನನ್ನು ಕೇಳ್ತಿದಾರೆ."

"ನಿನ್ನನ್ನು ಯಾಕಯ್ಯಾ ಕೇಳೋದು?"

"ಕೋವಿಯೂ ಇಂಡಿಯಾದ್ದು, ನಾನೂ ಇಂಡಿಯಾದವನು, ಮೇಲಾಗಿ ಎಂಜಿನಿಯರು. ಅದಕ್ಕೇ ಸಾರ್."

"ಯಾರು ಪ್ರೂಫ್ ಮಾಡಿದಾರೆ ಅಂತ ಕೇಳು."

ಆ ಕಡೆ ಸ್ವಲ್ಪ ಗುಸುಗುಸು. "ಯಾರೂ ಮಾಡಿಲ್ವಂತೆ ಸಾರ್."

ಪ್ರೂಫ್ ಎಂದರೆ ನಳಿಗೆ ತಡೆಯುತ್ತದೋ ಇಲ್ಲವೋ ಎಂದು ಸುಟ್ಟು ನೋಡುವ ಪರೀಕ್ಷೆ. ಈ ಉಪನ್ಯಾಸ ಆ ಕೊನೆಯ ಮಾತಿನ ಮೇಲೆ ನಿಂತಿದೆ.

ಯಾವ ಕೋವಿ ಎಂದು ಮೊದಲು ಹೇಳಬೇಕು. ಬಾಯಿಯ ಕಡೆಯಿಂದ ಕರಿಮದ್ದು ಸುರಿದು, ಸೀಸದ ಗುಂಡು ಇಳಿಸಿ, ಗಜದಿಂದ ಜಡಿದು, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವ ಉದ್ದ ನಳಿಗೆಯ ಕೋವಿ. ಇಂಗ್ಲಿಷರ ಸೈನ್ಯದಲ್ಲಿ ಅದಕ್ಕೆ ಬ್ರೌನ್ ಬೆಸ್ ಎಂಬ ಅಡ್ಡಹೆಸರಿತ್ತು. ಇದರಲ್ಲಿ ಒಂದು ಮಾದರಿಯ ಹೆಸರೇ ಇಂಡಿಯಾ ಪ್ಯಾಟರ್ನ್. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ ಮಾಡಿಸಿಕೊಳ್ಳುತ್ತಿದ್ದ ಮಾದರಿ ಅದು. 1790ರ ದಶಕದಲ್ಲಿ ಫ್ರಾನ್ಸಿನ ಮೇಲೆ ಯುದ್ಧ ಬಂದು ಕೋವಿ ಸಾಲದಾದಾಗ ಇಂಗ್ಲಿಷ್ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ನಳಿಗೆಯ ಉದ್ದ 39 ಇಂಚು, ಒಳಗಿನ ಅಡ್ಡಳತೆ ಸುಮಾರು 19 ಮಿಲಿಮೀಟರ್. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಲಗ್ಗೆ ಹಾಕಿದವರ ಹೆಗಲ ಮೇಲಿದ್ದುದು ಈ ಮನೆತನದ ಕೋವಿಗಳೇ. ಆಗ ಲಂಡನ್ನಿನಲ್ಲಿ ಪರೀಕ್ಷೆಯಾಗಿ, ನಳಿಗೆಯ ಮೇಲೆ ಮುದ್ರೆ ಒತ್ತಿಸಿಕೊಂಡು, ಹಡಗು ಹತ್ತಿ ಇಲ್ಲಿಗೆ ಬರುತ್ತಿದ್ದವು. ಈಗ ಅದೇ ಅಚ್ಚಿನ ಕೋವಿಗಳು ನಮ್ಮ ದೇಶದ ವರ್ಕ್‌ಶಾಪುಗಳಲ್ಲಿ ತಯಾರಾಗಿ ಆ ಕಡೆಗೆ ಹೋಗುತ್ತಿವೆ. ಮುದ್ರೆ ಮಾತ್ರ ಇಲ್ಲ.

ಇಂಥ ಕೋವಿಗಳಿಗೆ ಬೇಡಿಕೆ ಹುಟ್ಟಿದ್ದು ನಿನ್ನೆ ಮೊನ್ನೆಯಲ್ಲ. ಅಮೆರಿಕದ ಟೆನಿಸ್ಸಿಯಲ್ಲಿ ಡಿಕ್ಸಿ ಗನ್ ವರ್ಕ್ಸ್ ಎಂಬ ಅಂಗಡಿ 1954ರಲ್ಲೇ ಶುರುವಾಯಿತು. ಇಟಲಿಯ ಬ್ರೆಶಾ ಪ್ರಾಂತದಲ್ಲಿ ಪೆಡರ್ಸೋಲಿ ಎಂಬ ಕಾರ್ಖಾನೆ 1957ರಲ್ಲಿ ಬಂತು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದಾಗ ಜಪಾನಿನವರೂ ಬ್ರೌನ್ ಬೆಸ್ ಮಾಡಿ ಮಾರಿದರು. ಇಟಲಿಯದು ದುಬಾರಿ. ನಮ್ಮದು ಅಗ್ಗ. ಹಾಗಾಗಿ ಹೊಸದಾಗಿ ವೇಷ ಹಾಕುವ ಹುಡುಗರ ಕೈಗೆ ಸಿಗುವುದು ಹೆಚ್ಚಾಗಿ ನಮ್ಮದೇ.

ಇನ್ನು ಶೀರ್ಷಿಕೆಯ ಕಿಂಡಿ. ನಳಿಗೆಯ ಬುಡದಲ್ಲಿ, ಪಕ್ಕಕ್ಕೆ, ಸುಮಾರು 2 ಮಿಲಿಮೀಟರಿನ ಒಂದು ತೂತು ಇರುತ್ತದೆ. ಹೊರಗಿನ ಬಟ್ಟಲಿನಲ್ಲಿ ಹೊತ್ತಿದ ರಂಜಕದ ಬೆಂಕಿ ಆ ತೂತಿನಿಂದ ಒಳಗೆ ಹೋಗಿ ದೊಡ್ಡ ಮದ್ದನ್ನು ಮುಟ್ಟುತ್ತದೆ. ನಮ್ಮ ದೇಶದಿಂದ ಹೊರಡುವ ಬಹಳಷ್ಟು ಕೋವಿಗಳಲ್ಲಿ ಈ ತೂತನ್ನು ಕೊರೆಯುವುದೇ ಇಲ್ಲ. ತೂತಿಲ್ಲದ್ದು ಸುಡುವುದಿಲ್ಲ. ಸುಡದ್ದು ಗೋಡೆಗೆ ನೇತುಹಾಕುವ ಅಲಂಕಾರದ ಸಾಮಾನು. ಸಾಗಣೆಯವರಿಗೂ ಕಸ್ಟಮ್ಸಿನವರಿಗೂ ತಲೆನೋವು ಕಡಿಮೆ. ಕಡಲಾಚೆ ಇಳಿದ ಮೇಲೆ ಮಾರುವವನೋ ಕೊಂಡವನೋ ಡ್ರಿಲ್ ಹಿಡಿದು ಎರಡು ನಿಮಿಷದಲ್ಲಿ ತೂತು ಕೊರೆಯುತ್ತಾನೆ. ಆ ಎರಡು ನಿಮಿಷದಲ್ಲಿ ಅಲಂಕಾರದ ಸಾಮಾನು ಕೋವಿಯಾಗುತ್ತದೆ.

ಈಗ ಯೋಚಿಸಿ. ನಳಿಗೆ ಮಾಡಿದವನನ್ನು ಕೇಳಿದರೆ, "ನಾನು ಕಳಿಸಿದ್ದು ಸುಡುವ ಕೋವಿಯಲ್ಲ ಸ್ವಾಮಿ" ಎನ್ನಬಹುದು. ತೂತು ಕೊರೆದವನನ್ನು ಕೇಳಿದರೆ, "ನಾನು ನಳಿಗೆ ಮಾಡಿದವನಲ್ಲ" ಎನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೊಣೆ ಎಂಬುದು ಆ 2 ಮಿಲಿಮೀಟರಿನಲ್ಲಿ ಸೋರಿಹೋಗುತ್ತದೆ.

ಅಮೆರಿಕದ ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. 1968ರ ಗನ್ ಕಂಟ್ರೋಲ್ ಕಾಯಿದೆಯ ಪ್ರಕಾರ, ಚಕಮಕಿ ಕೋವಿಯ ಪ್ರತಿರೂಪ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಬಂದೂಕೇ ಅಲ್ಲ. ಅಲ್ಲಿ ಪ್ರೂಫ್ ಪರೀಕ್ಷೆ ಕಡ್ಡಾಯವೂ ಅಲ್ಲ. ಬ್ರಿಟನ್ನಿನಲ್ಲಿ ಕಥೆ ಬೇರೆ. ಪ್ರೂಫ್ ಆಗದ ನಳಿಗೆಯನ್ನು ಮಾರುವುದೇ ಅಲ್ಲಿ ಅಪರಾಧ. 1868ರ ಕಾಯಿದೆ ತಿದ್ದುಪಡಿಗಳೊಡನೆ ಇಂದಿಗೂ ನಡೆಯುತ್ತಿದೆ. ನಮ್ಮದೇ ವರ್ಕ್‌ಶಾಪಿನಿಂದ ಹೋದ ನಳಿಗೆ ಅಲ್ಲಿ ಮಾರಾಟವಾಗಬೇಕಾದರೆ ಲಂಡನ್ನಿನ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿಗೆ ಹೋಗಿ ಬರಬೇಕು. ಹಾಗೆ ಹೋಗಿ ಪಾಸಾಗಿ ಮುದ್ರೆ ಪಡೆದ ಭಾರತದ ಕೋವಿಗಳು ಇವೆ. ಇದನ್ನು ಒತ್ತಿ ಹೇಳಬೇಕು. ನಮ್ಮ ಮಾಲೆಲ್ಲ ಕಳಪೆ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಪರೀಕ್ಷೆ ಮಾಡದ ಹುಡುಗನನ್ನು ಫೇಲಾದವನು ಎನ್ನಲು ಬರುವುದಿಲ್ಲ, ಪಾಸಾದವನು ಎನ್ನಲೂ ಬರುವುದಿಲ್ಲ.

ಹಾಗಾದರೆ ಈ ಪರೀಕ್ಷೆ ಏನು? ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾಳೆ. ಸದ್ದು ಸರಿಯಿದ್ದರೆ ಬಿರುಕಿಲ್ಲ. ಅಕ್ಕಸಾಲಿ ಚಿನ್ನವನ್ನು ಒರೆಗೆ ಹಚ್ಚುತ್ತಾನೆ. ಬಡಿದ ಮಡಕೆಗಾಗಲಿ ಒರೆಗೆ ಹಚ್ಚಿದ ಚಿನ್ನಕ್ಕಾಗಲಿ ಲುಕ್ಸಾನಿಲ್ಲ. ಕೋವಿಯ ಪರೀಕ್ಷೆ ಹಾಗಲ್ಲ. ಅದು ಹೊರಬೇಕಾದ್ದಕ್ಕಿಂತ ಹೆಚ್ಚು ಭಾರ ಹೊರಿಸಿ, ಬೆನ್ನು ಮುರಿಯಿತೋ ಇಲ್ಲವೋ ನೋಡುವ ಪರೀಕ್ಷೆ. ಮಾಮೂಲಿಗಿಂತ ಹೆಚ್ಚು ಮದ್ದು, ತಕ್ಕ ತೂಕದ ಗುಂಡು ಹಾಕಿ ಸುಡುತ್ತಾರೆ. ಸುಡುವ ಮೊದಲು ಕಣ್ಣಿನಿಂದಲೂ ಅಳತೆಯಿಂದಲೂ ಪರಿಶೀಲಿಸುತ್ತಾರೆ. ಸುಟ್ಟ ಮೇಲೆ ಮತ್ತೆ ಪರಿಶೀಲಿಸುತ್ತಾರೆ. ಉಬ್ಬಿಲ್ಲ, ಸೀಳಿಲ್ಲ, ಬುಡದ ಬಿರಡೆ ಕದಲಿಲ್ಲ ಎಂದು ಖಾತ್ರಿಯಾದ ಮೇಲೆ ಮುದ್ರೆ.

ಲಂಡನ್ನಿನಲ್ಲಿ ಕೋವಿ ಮಾಡುವವರ ಸಂಘಕ್ಕೆ 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ಸನ್ನದು ಕೊಟ್ಟ. ಊರಿನಲ್ಲೂ ಸುತ್ತ ಹತ್ತು ಮೈಲಿಯಲ್ಲೂ ತಯಾರಾದ ಕೋವಿಗಳನ್ನು ಪರೀಕ್ಷಿಸುವ ಅಧಿಕಾರ ಅವರದಾಯಿತು. ಕಿರೀಟದ ಕೆಳಗೆ ಹೆಣೆದುಕೊಂಡ 'ಜಿಪಿ' ಅಕ್ಷರಗಳು ಅವರ ಪ್ರೂಫ್ ಮುದ್ರೆ. ಕಿರೀಟದ ಕೆಳಗಿನ 'ವಿ' ಎಂದರೆ ಕಣ್ಣಿನ ಪರಿಶೀಲನೆಯೂ ಆಗಿದೆ ಎಂದು. ಬೆಲ್ಜಿಯಂನ ಲಿಯೇಜಿನಲ್ಲಿ ಪ್ರೂಫ್ ಹೌಸ್ 1672ರಷ್ಟು ಹಳೆಯದು. ಬರ್ಮಿಂಗ್‌ಹ್ಯಾಮಿನದು ತಡವಾಗಿ, 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಬಂತು.

ಆ ತಡದ ಬೆಲೆ ತೆತ್ತವರು ಬರ್ಮಿಂಗ್‌ಹ್ಯಾಮಿನವರಲ್ಲ. 18ನೇ ಶತಮಾನದಲ್ಲಿ ಗುಲಾಮರ ವ್ಯಾಪಾರಕ್ಕೆಂದು ಆ ಊರಿನಿಂದ ಪಶ್ಚಿಮ ಆಫ್ರಿಕಾಕ್ಕೆ ರಾಶಿ ರಾಶಿ ಅಗ್ಗದ ಕೋವಿ ಹೋಗುತ್ತಿತ್ತು. 1760ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿಗೆ ಭೇಟಿ ಕೊಟ್ಟ ಲಾರ್ಡ್ ಶೆಲ್ಬರ್ನ್, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲು ಸುಟ್ಟವನ ಕೈಯಲ್ಲೇ ಸಿಡಿಯುವಂಥವು ಎಂದು ಬರೆದಿಟ್ಟಿದ್ದಾನೆ. ಎಣಿಸಿ ಬರೆದನೋ ಕೇಳಿ ಬರೆದನೋ, ಮಾಡುವವರಿಗೆ ವಿಷಯ ಗೊತ್ತಿತ್ತು ಎಂಬುದಂತೂ ಅದರಿಂದ ತಿಳಿಯುತ್ತದೆ. ಸಿಡಿದ ನಳಿಗೆಯ ದೂರು ಆಫ್ರಿಕಾದ ಕರಾವಳಿಯಿಂದ ಕಾರ್ಖಾನೆಯ ಬಾಗಿಲಿಗೆ ಬರುವ ಮಾತೇ ಇರಲಿಲ್ಲ. ಕೊಂಡವನು ಮಾಡಿದವನನ್ನು ಹುಡುಕಿಕೊಂಡು ಬರಲಾಗದಷ್ಟು ದೂರವಿದ್ದರೆ ಮಾಲು ಹೀಗಾಗುತ್ತದೆ. ಈಗಿನ ನಮ್ಮ ಕೋವಿಗಳ ವಿಷಯದಲ್ಲೂ ನನಗೆ ಮುಳ್ಳಿನಂತೆ ಚುಚ್ಚುವುದು ಉಕ್ಕಿನ ಗುಣವಲ್ಲ, ಈ ದೂರ.

19ನೇ ಶತಮಾನದ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆ ನಡೆಯುತ್ತಿದ್ದ ರೀತಿ ನನಗೆ ಬಲು ಇಷ್ಟ. ಮದ್ದು ಗುಂಡು ತುಂಬಿದ ನಳಿಗೆಗಳನ್ನು ಮರದ ಹಿಡಿಯಿಲ್ಲದೆ, ಬರೀ ನಳಿಗೆಗಳನ್ನೇ, ತೋಡು ಕೊರೆದ ಹಾಸಿನ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಬುಡದ ಕಿಂಡಿಗಳ ಉದ್ದಕ್ಕೂ ಮದ್ದಿನ ಸಾಲು ಎಳೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ, ಹೊರಗಿನಿಂದ ಬೆಂಕಿ ಕೊಡುತ್ತಿದ್ದರು. ನಳಿಗೆಗಳು ಹಿಂದಿದ್ದ ಮರಳಿಗೆ ಹಾರಿ ಹೂತುಕೊಳ್ಳುತ್ತಿದ್ದವು. ಸೊಗಸಿರುವುದು ಮುಂದೆ. ಅವನ್ನು ತಕ್ಷಣ ತೊಳೆಯುತ್ತಿರಲಿಲ್ಲ. ಒಂದು ದಿನ ಹಾಗೇ ಬಿಡುತ್ತಿದ್ದರು. ಕರಿಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಮಿಕ್ಕದ್ದು ಇದ್ದಲು ಮತ್ತು ಗಂಧಕ. ಅದರ ಕಿಟ್ಟ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದ್ದರೆ ಮರುದಿನ ಅಲ್ಲಿ ಕಲೆ ಒಸರಿರುತ್ತದೆ. ಕೋವಿಯನ್ನು ಹಾಳುಮಾಡುವ ಕಿಟ್ಟವನ್ನೇ ಸಾಕ್ಷಿ ಹೇಳಿಸಲು ಹಚ್ಚಿದ ಜಾಣತನ ಅದು. ಈಗ ನಾವು ಲ್ಯಾಬಿನಲ್ಲಿ ಕೆಂಪು ಬಣ್ಣ ಹಚ್ಚಿ ಒರೆಸಿ ಬಿರುಕು ಹುಡುಕುವ ಡೈ ಪೆನಿಟ್ರೆಂಟ್ ಪರೀಕ್ಷೆಯೂ ಅದೇ ಜಾತಿಯದು.

ಇನ್ನು ನನಗೆ ಬಿಟ್ಟ ಒಂದೇ ಲೆಕ್ಕ. ಗ್ಯಾಬ್ರಿಯಲ್ ಲಾಮೆ ಎಂಬ ಫ್ರೆಂಚ್ ಎಂಜಿನಿಯರ್ ಕೊಟ್ಟದ್ದು. ದಪ್ಪ ಗೋಡೆಯ ಕೊಳವೆಯ ಒಳಗೆ ಒತ್ತಡ ಬಂದರೆ ಒಳಮೈ ಎಷ್ಟು ಜಗ್ಗುತ್ತದೆ? ಹೊರ ತ್ರಿಜ್ಯದ ವರ್ಗಕ್ಕೆ ಒಳ ತ್ರಿಜ್ಯದ ವರ್ಗವನ್ನು ಕೂಡಿಸಿ, ಅವೆರಡರ ವ್ಯತ್ಯಾಸದಿಂದ ಭಾಗಿಸಿ, ಬಂದದ್ದನ್ನು ಒತ್ತಡಕ್ಕೆ ಗುಣಿಸಿ. ಕರಿಮದ್ದಿನ ಈಡು ಚದರ ಸೆಂಟಿಮೀಟರಿಗೆ 700 ಕಿಲೋ ಒತ್ತಡ ಹುಟ್ಟಿಸಿತು ಎಂದು ಸ್ವಲ್ಪ ಕಠಿಣವಾಗಿಯೇ ಇಟ್ಟುಕೊಳ್ಳೋಣ. ನಳಿಗೆಯ ಒಳ ಅಡ್ಡಳತೆ 19 ಮಿಲಿಮೀಟರ್, ಬುಡದಲ್ಲಿ ಹೊರ ಅಡ್ಡಳತೆ 34 ಎನ್ನಿ. ಜಗ್ಗು ಸುಮಾರು 1,340 ಬರುತ್ತದೆ. ಸಾಧಾರಣ ಮೆದು ಉಕ್ಕು ಬಾಗಿ ಉಳಿಯುವುದು 2,500ರ ಸುತ್ತ. ಅಂದರೆ ಬುಡದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಧೈರ್ಯವಿದೆ. ಅದೇ ನಳಿಗೆ ಬಾಯಿಯ ಹತ್ತಿರ ತೆಳುವಾಗುತ್ತ ಹೋಗುತ್ತದೆ. ಅಲ್ಲಿ ಹೊರ ಅಡ್ಡಳತೆ 23 ಎನ್ನಿ. ಅಷ್ಟೇ ಒತ್ತಡ ಅಲ್ಲಿ ಬಿದ್ದರೆ ಜಗ್ಗು 3,700. ಉಕ್ಕು ಸೋತಿತು.

ಮಾಮೂಲಾಗಿ ಸುಟ್ಟರೆ ಬಾಯಿಯ ಹತ್ತಿರ ಅಷ್ಟು ಒತ್ತಡ ಬರುವುದಿಲ್ಲ. ಗುಂಡು ಓಡುತ್ತ ಹೋದಂತೆ ಹಿಂದಿನ ಹೊಗೆಗೆ ಜಾಗ ಸಿಕ್ಕಿ ಒತ್ತಡ ಇಳಿದಿರುತ್ತದೆ. ಅದಕ್ಕೇ ಅಲ್ಲಿ ತೆಳುವಾಗಿ ಮಾಡಿರುವುದು. ಆದರೆ ಬಾಯಿಯಲ್ಲಿ ಏನಾದರೂ ಅಡ್ಡ ಸಿಕ್ಕಿಕೊಂಡಿದ್ದರೆ?

ನನ್ನ ಅಜ್ಜನ ಮನೆಯ ಜಗಲಿಯಲ್ಲಿ ಒಂದು ಕೇಪಿನ ಕೋವಿ ಮೊಳೆಗೆ ನೇತುಬಿದ್ದಿರುತ್ತಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು, ಇದು ಅದರ ಬಾಳು. ಒಂದು ಮಳೆಗಾಲ ಪೂರ್ತಿ ಯಾರೂ ಅದನ್ನು ಮುಟ್ಟಿರಲಿಲ್ಲ. ಗದ್ದೆಗೆ ಹಂದಿ ಬಿತ್ತೆಂದು ಚಿಕ್ಕಪ್ಪ ಅದನ್ನು ಇಳಿಸಿಕೊಂಡು ಓಡಿದ. ಮೊದಲೇ ತುಂಬಿಟ್ಟ ಈಡು. ತುಂಬಿದ ಕೋವಿಯನ್ನು ಮೊಳೆಗೆ ನೇತುಹಾಕುವುದೇ ತಪ್ಪು, ಆ ಮಾತು ಬೇರೆ. ಬಾಯಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನು ಅವನು ನೋಡಲಿಲ್ಲ. ಹೆಬ್ಬೆಟ್ಟಿನ ಗಾತ್ರದ ಮಣ್ಣು. ನಳಿಗೆಯ ತುದಿ ಗೇಣುದ್ದ ಸೀಳಿ ಬಾಳೆ ಸಿಪ್ಪೆಯ ಹಾಗೆ ಹಿಂದಕ್ಕೆ ಮಡಚಿಕೊಂಡಿತು. ಚಿಕ್ಕಪ್ಪನ ಎಡಗೈ ಕಿರುಬೆರಳು ಹೋಯಿತು. ಆಗ ನನಗೆ ಎಂಟು ವರ್ಷ. ಆ ನಳಿಗೆಯನ್ನು ಎಷ್ಟೋ ವರ್ಷದ ಮೇಲೆ ನನ್ನ ವಿದ್ಯಾರ್ಥಿಗಳಿಗೆ ತೋರಿಸಲೆಂದು ಕೇಳಿದೆ. ಅಷ್ಟರಲ್ಲಿ ಅಜ್ಜಿ ಅದನ್ನು ಗುಜರಿಗೆ ಕೊಟ್ಟಿದ್ದರು. ನಳಿಗೆಯ ಬುಡ, ಎಂದರೆ ಮದ್ದು ಸಿಡಿದ ಜಾಗ, ಏನೂ ಆಗದೆ ಗಟ್ಟಿಯಾಗಿತ್ತು ಎಂದು ಚಿಕ್ಕಪ್ಪ ಕೊನೆಯವರೆಗೂ ಹೇಳುತ್ತಿದ್ದ. ಅವನಿಗೆ ಅದು ಸೋಜಿಗ. ಲಾಮೆಯ ಲೆಕ್ಕ ಬಲ್ಲವರಿಗೆ ಅದರಲ್ಲಿ ಸೋಜಿಗವಿಲ್ಲ. ಜಗತ್ತಿನ ಯಾವ ಪ್ರೂಫ್ ಮುದ್ರೆ ಇದ್ದಿದ್ದರೂ ಆ ಬೆರಳು ಉಳಿಯುತ್ತಿರಲಿಲ್ಲ.

ಕೊಡಗಿನ ಕಡೆಯವರು ಸಭೆಯಲ್ಲಿದ್ದಾರೆ, ಅವರಿಗೆ ಕೋವಿಯ ಬಗ್ಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಕೈಲ್‌ಪೊಳ್ದು ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸುತ್ತಾರೆ. ನೋಡಲು ಅಷ್ಟು ಚೆಂದದ ಅಡ್ಡಿ ಇನ್ನೊಂದಿಲ್ಲ. ಅದನ್ನು ತೆಗೆದು, ನಳಿಗೆ ನೋಡಿ, ಆಮೇಲೆ ಈಡು ಹೊಡೆಯುವ ಶಿಸ್ತು ಮನೆಯ ಹಿರಿಯರಿಂದ ಬಂದದ್ದು.

ಬಾಯಿಯಿಂದ ತುಂಬುವ ಕೋವಿಯಲ್ಲಿ ಪ್ರತಿ ಈಡನ್ನೂ ಸುಡುವವನೇ ತಯಾರಿಸುತ್ತಾನೆ. ತೋಟೆ ಕೋವಿಯಲ್ಲಿ ಕಾರ್ಖಾನೆ ತೂಗಿ ತುಂಬಿದ ತೋಟಾ ಬರುತ್ತದೆ, ಇಲ್ಲಿ ಕಾರ್ಖಾನೆ ನೀವೇ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಸಿಕ್ಕಿಕೊಂಡು ಕೆಳಗೆ ಖಾಲಿ ಜಾಗ ಉಳಿದರೆ, ಆ ಜಾಗದಲ್ಲಿ ನಳಿಗೆ ಬಳೆಯಂತೆ ಉಬ್ಬುತ್ತದೆ, ಸೀಳಲೂಬಹುದು. ಕರಿಮದ್ದಿನ ಬದಲು ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ಒತ್ತಡ ಚದರ ಸೆಂಟಿಮೀಟರಿಗೆ 3,500 ಕಿಲೋ ದಾಟಬಹುದು. ಅಲ್ಲಿಗೆ ಬುಡವೂ ಮುಗಿಯಿತು. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಒಂದು ಕೆಂಡ ಒಳಗೆ ಉಳಿದಿದ್ದರೆ ಕೊಂಬು ಕೈಯಲ್ಲೇ ಬಾಂಬಾಗುತ್ತದೆ. ಅಳತೆಯ ಪುಟ್ಟ ಕೊಳವೆಗೆ ಸುರಿದು, ಕೊಂಬಿನ ಬಾಯಿ ಮುಚ್ಚಿ, ಆಮೇಲೆ ನಳಿಗೆಗೆ.

ಗಡಿಬಿಡಿಯಲ್ಲಿ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕಾಳಗ ಸಾಕ್ಷಿ. 1863ರ ಆ ಕಾಳಗದ ನಂತರ ರಣರಂಗದಲ್ಲಿ ಹೆಕ್ಕಿದ ಕೋವಿಗಳು 27,574 ಎಂದು ದಾಖಲೆ. ಅದರಲ್ಲಿ ಸುಮಾರು 24,000 ತುಂಬಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು, ಕಾಲುಭಾಗದಲ್ಲಿ ಮೂರರಿಂದ ಹತ್ತು, ಒಂದೇ ಒಂದು ಕೋವಿಯಲ್ಲಿ 23. ಸುತ್ತ ನೂರಾರು ಕೋವಿ ಗುಡುಗುವಾಗ ತನ್ನದು ಹಾರಿತೋ ಇಲ್ಲವೋ ಎಂದು ಸಿಪಾಯಿಗೆ ತಿಳಿಯುವುದಿಲ್ಲ. ಹಾರಿತು ಎಂದುಕೊಂಡು ಇನ್ನೊಂದು ತುಂಬುತ್ತಾನೆ. ವೇಷದ ಕಾಳಗದಲ್ಲೂ ಗಡಿಬಿಡಿ ಇರುತ್ತದೆ, ಗದ್ದಲ ಇರುತ್ತದೆ. ಅಲ್ಲಿ ಗುಂಡು ಹಾಕುವುದಿಲ್ಲ, ಬರೀ ಮದ್ದು. ಬರೀ ಮದ್ದಿಗೆ ಒತ್ತಡ ತೀರ ಕಡಿಮೆ. ಪ್ರೂಫ್ ಆಗದ ಸಾವಿರಾರು ಕೋವಿಗಳು ವರ್ಷಗಟ್ಟಲೆ ತೊಂದರೆ ಕೊಡದೆ ಬಾಳುತ್ತಿರುವ ಗುಟ್ಟು ಇದೇ. ಅಲ್ಲಿನ ಭಯ ಬೇರೆ. ಗಜವನ್ನು ನಳಿಗೆಯಲ್ಲೇ ಮರೆತು ಸುಟ್ಟರೆ ಅದು ಈಟಿಯಾಗಿ ಹಾರುತ್ತದೆ. ಅದಕ್ಕೇ ಬಹಳಷ್ಟು ತಂಡಗಳಲ್ಲಿ ಕಾಳಗದ ನಡುವೆ ಗಜ ಹೊರತೆಗೆಯಕೂಡದು ಎಂಬ ಕಟ್ಟಳೆ ಇದೆ.

"ಹಾಗಾದರೆ ಮನೆಯಲ್ಲೇ ಪ್ರೂಫ್ ಮಾಡಿಕೊಂಡರಾಯಿತಲ್ಲ" ಎಂದು ನನ್ನ ವಿದ್ಯಾರ್ಥಿ ಕೇಳಿದ. ಅಲ್ಲಿ ಕೆಲವರು ಮಾಡುತ್ತಾರಂತೆ. ಹಳೆಯ ಟಯರಿಗೆ ಕೋವಿ ಬಿಗಿದು, ದುಪ್ಪಟ್ಟು ತುಂಬಿ, ಉದ್ದ ಹಗ್ಗ ಎಳೆದು, ಮರದ ಹಿಂದೆ ಅವಿತು. ಹಾರಿತು, ಒಡೆಯಲಿಲ್ಲ, ಪಾಸು! ಲೋಹ ಓದಿದವನಿಗೆ ಇದನ್ನು ಕೇಳಿದರೆ ಮೈ ಬಿಸಿಯಾಗುತ್ತದೆ. ಉಕ್ಕು ಒಂದೇ ಸಲಕ್ಕೆ ಒಡೆಯಬೇಕೆಂದಿಲ್ಲ. ಅತಿ ಭಾರಕ್ಕೆ ಒಳಮೈಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟು, ಆ ದಿನ ಸುಮ್ಮನಿದ್ದು, ಮುಂದೆ ಇನ್ನೂರನೆಯದೋ ಮುನ್ನೂರನೆಯದೋ ಮಾಮೂಲಿ ಈಡಿಗೆ ಬಾಯಿ ಬಿಡಬಹುದು. ಪರೀಕ್ಷೆಯೇ ಗಾಯ ಮಾಡಿ, ಪಾಸು ಎಂದು ಕಳಿಸಿದ ಹಾಗಾಯಿತು. ಪ್ರೂಫ್ ಹೌಸಿನಲ್ಲಿ ಸುಡುವುದಕ್ಕಿಂತ ಮುಂಚಿನ ಅಳತೆ, ಆಮೇಲಿನ ಅಳತೆ ಮುಖ್ಯ. ಬುಡದ ಅಡ್ಡಳತೆ ಕೂದಲೆಳೆಯಷ್ಟು ಹೆಚ್ಚಿದ್ದರೂ ಅದು ಫೇಲು. ಮರದ ಹಿಂದೆ ಅವಿತವನ ಕೈಯಲ್ಲಿ ಹಗ್ಗ ಇರುತ್ತದೆ, ಮೈಕ್ರೋಮೀಟರ್ ಇರುವುದಿಲ್ಲ.

ನಳಿಗೆಯ ಕೊಳವೆಯ ಬಗ್ಗೆ ಒಂದು ಮಾತು. ಕೊಳವೆಯಲ್ಲಿ ಬೆಸುಗೆ ಇದೆ, ಅದಕ್ಕೇ ಅಪಾಯ ಎಂಬ ವಾದ ಬಹಳ ಕೇಳುತ್ತೇನೆ. ಬೆಸೆದ ಮೇಲೆ ಸರಿಯಾಗಿ ಎಳೆದು ಹದ ಮಾಡಿದ ಕೊಳವೆ ಕೆಟ್ಟದ್ದೇನಲ್ಲ. ಹಳೆಯ ಬ್ರೌನ್ ಬೆಸ್ ನಳಿಗೆಗಳೂ ಕಬ್ಬಿಣದ ಪಟ್ಟಿಯನ್ನು ಸುತ್ತಿ ಬೆಸೆದವೇ. ನಾನು ಮೊದಲು ನೋಡುವುದು ಬುಡದ ಬಿರಡೆಯನ್ನು. ಅದರ ತಿರುಪು ಎಷ್ಟು ಸುತ್ತು ಕಚ್ಚಿದೆ, ಮುಂದಿನ ಮುಖ ಒಳಗಿನ ಅಂಚಿಗೆ ಅಂಟಿ ಕೂತಿದೆಯೋ ಅಥವಾ ಸಂದು ಬಿಟ್ಟಿದೆಯೋ. ಸಂದಿನಲ್ಲಿ ಕಿಟ್ಟ ಸೇರಿ ತೇವ ಹಿಡಿದು ತುಕ್ಕು ಕೂರುತ್ತದೆ, ಹತ್ತು ವರ್ಷದಲ್ಲಿ ತಿರುಪನ್ನು ತಿಂದುಬಿಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬಿರಡೆ ಕಿತ್ತು ಹಿಂದಕ್ಕೆ ಬಂದರೆ ಅದರ ದಾರಿಯಲ್ಲಿರುವುದು ಸುಡುವವನ ಕಣ್ಣು.

ಮುದ್ರೆಗಳ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಇಲ್ಲೇ ಈ ಹವ್ಯಾಸದ ದೊಡ್ಡ ತಮಾಷೆ ಇದೆ. ಇಟಲಿಯ ಗಾರ್ಡೋನೆಯ ಪ್ರೂಫ್ ಹೌಸ್ ಕರಿಮದ್ದಿನ ಕೋವಿಗೆ 'ಪಿಎನ್' ಎಂದು ಒತ್ತುತ್ತದೆ. ಅವರ ಭಾಷೆಯಲ್ಲಿ ಕರಿಮದ್ದು ಎಂಬುದರ ಮೊದಲಕ್ಷರಗಳು. ಅದು ನಿಜವಾಗಿ ಸುಟ್ಟು ನೋಡಿದ ಸಾಕ್ಷಿ. ಆದರೆ 1860ರ ದಶಕದ ಅಮೆರಿಕನ್ ಸಿಪಾಯಿಯ ವೇಷ ಹಾಕಿದವನಿಗೆ ತನ್ನ ಕೋವಿಯ ಮೇಲೆ ಇಟಲಿಯ ಮುದ್ರೆ ಕಂಡರೆ ಮುಜುಗರ. ಅಂಥ ಮುದ್ರೆಗಳನ್ನು ಅರದಿಂದ ಉಜ್ಜಿ ಅಳಿಸಿ, ಆ ಜಾಗದಲ್ಲಿ ಹಳೆಯ ಅಮೆರಿಕನ್ ಶಸ್ತ್ರಾಗಾರದ 'ವಿ', 'ಪಿ', ಹದ್ದಿನ ತಲೆ ಒತ್ತಿಕೊಡುವ ಕುಶಲಿಗಳೇ ಅಲ್ಲಿದ್ದಾರೆ. 'ವಿ' ಎಂದರೆ ನೋಡಿದೆವು, 'ಪಿ' ಎಂದರೆ ಸುಟ್ಟು ಪರೀಕ್ಷಿಸಿದೆವು. ಅಂದರೆ ನಿಜವಾದ ಪರೀಕ್ಷೆಯ ಗುರುತನ್ನು ದುಡ್ಡು ಕೊಟ್ಟು ಅಳಿಸಿ, ಎಂದೂ ಆಗದ ಪರೀಕ್ಷೆಯ ಗುರುತನ್ನು ದುಡ್ಡು ಕೊಟ್ಟು ಒತ್ತಿಸಿಕೊಳ್ಳುತ್ತಾರೆ. ಬಳೆಯ ಮೇಲಿನ ಹಾಲ್‌ಮಾರ್ಕನ್ನು ಉಜ್ಜಿ ಅಜ್ಜಿಯ ಕಾಲದ ಅಕ್ಕಸಾಲಿಯ ಗುರುತು ಹಾಕಿಸಿದರೆ ನಾವು ಏನೆನ್ನುತ್ತೇವೆ? ನಮ್ಮಲ್ಲಿ 2021ರಿಂದ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. ಚಿನ್ನ ಸುಳ್ಳಾದರೆ ಹೋಗುವುದು ದುಡ್ಡು.

ಪ್ರೂಫ್ ಮುದ್ರೆಗಳನ್ನು ಪರಸ್ಪರ ಒಪ್ಪಿಕೊಳ್ಳಲು 1914ರಲ್ಲಿ ಬ್ರಸೆಲ್ಸ್‌ನಲ್ಲಿ ಒಂದು ಅಂತರರಾಷ್ಟ್ರೀಯ ಆಯೋಗ ಹುಟ್ಟಿತು. ಅದನ್ನು ಸಿಐಪಿ ಎನ್ನುತ್ತಾರೆ. ಇಟಲಿ, ಬ್ರಿಟನ್, ಬೆಲ್ಜಿಯಂ ಅದರಲ್ಲಿವೆ. ಅಮೆರಿಕ ಇಲ್ಲ, ನಾವೂ ಇಲ್ಲ. ಲೈಸೆನ್ಸು ಪಡೆದು ಮಾಡುವ ಕೋವಿಗೆ ಪ್ರೂಫ್ ಪರೀಕ್ಷೆ ನಮ್ಮ ಆಯುಧ ನಿಯಮಗಳಲ್ಲೂ ಇದೆ. ತೂತಿಲ್ಲದ ಕೋವಿ ಆ ನಿಯಮದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ರಫ್ತಿಗೆ ಹೋಗುವ ನಳಿಗೆಯನ್ನು ಇಲ್ಲೇ ಕೊರೆದು, ಇಲ್ಲೇ ಸುಟ್ಟು, ನಮ್ಮದೇ ಮುದ್ರೆ ಒತ್ತಿ ಕಳಿಸುವ ದಾರಿ ಮಾಡಿದರೆ ಆ ನಳಿಗೆ ಮಾಡುವ ಕೈಗಳಿಗೂ ಮರ್ಯಾದೆ ಎಂದು ನನ್ನ ಅಭಿಪ್ರಾಯ. ಒಳ್ಳೆಯ ತಿರುಪು ಹಾಕುವ ಮಿಸ್ತ್ರಿ ಯಾರು, ಸಂದು ಬಿಡುವವನು ಯಾರು ಎಂಬುದು ಈಗ ಯಾರಿಗೂ ತಿಳಿಯುವುದಿಲ್ಲ. ಇಬ್ಬರ ಕೂಲಿಯೂ ಒಂದೇ.

ಮೂರು ದಿನ ಕೂತು ನನ್ನ ವಿದ್ಯಾರ್ಥಿಗೆ ಉತ್ತರ ಬರೆದೆ. ಗುಂಡು ಹಾಕಬೇಕೆಂದಿದ್ದರೆ ಬಲ್ಲವರಿಂದ ಬಿರಡೆ ಬಿಚ್ಚಿಸಿ ನೋಡಬೇಕು, ನಳಿಗೆಯನ್ನು ಬಿರುಕಿನ ಪರೀಕ್ಷೆಗೆ ಹಾಕಿಸಬೇಕು, ಗೋಡೆಯ ದಪ್ಪ ಅಳೆಸಬೇಕು. ಅಲ್ಲಿಯವರೆಗೆ ಬರೀ ಮದ್ದು. ಹಳೆಯ ಕಾಲದ ಸಿಪಾಯಿಯ ಈಡಿನಲ್ಲಿ ಹತ್ತೂವರೆ ಗ್ರಾಂ ಮದ್ದಿರುತ್ತಿತ್ತು ಎಂದು ಪುಸ್ತಕದಲ್ಲಿ ಓದಿ ಅಷ್ಟನ್ನೇ ಸುರಿಯಬಾರದು. ಅದರಲ್ಲಿ ಒಂದು ಪಾಲು ಬಟ್ಟಲಿಗೆ ಹೋಗುತ್ತಿತ್ತು, ಮತ್ತು ಆ ಮದ್ದು ಇಂದಿನದಲ್ಲ.

ಎರಡು ವಾರದ ಮೇಲೆ ಅವನು ಒಂದು ಫೋಟೋ ಕಳಿಸಿದ. ಕೆಳಗೆ ಸಡಗರದಿಂದ ಬರೆದಿದ್ದ: "ಸಾರ್, ಮುದ್ರೆ ಇದೆ! ಕಿರೀಟ, ಕೆಳಗೆ ಜಿಪಿ!" ದೊಡ್ಡದು ಮಾಡಿ ನೋಡಿದೆ. ಅಕ್ಷರಗಳು ಬಲು ಅಂದವಾಗಿದ್ದವು, ಪಕ್ಕದ ಬಳ್ಳಿಯ ಕೆತ್ತನೆಯಷ್ಟೇ ಅಂದ. ಎರಡನ್ನೂ ಒಂದೇ ಉಳಿಯಿಂದ ಕೊರೆದಿದ್ದರು. ಪ್ರೂಫ್ ಮುದ್ರೆಯನ್ನು ಕೊರೆಯುವುದಿಲ್ಲ, ಅಚ್ಚಿನಿಂದ ಒತ್ತುತ್ತಾರೆ ಎಂದು ಫೋನು ಮಾಡಿ ಹೇಳಿದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ನಿಮಿಷ ಸಾರ್, ಇವರೇನೋ ಕೇಳಿಸ್ತಾರಂತೆ" ಎಂದು ಫೋನನ್ನು ನಳಿಗೆಯ ಬಾಯಿಗೆ ಹಿಡಿದ. ಅವರ ಕವಾಯತಿನಲ್ಲಿ ಇದೊಂದು ಪದ್ಧತಿ, ಸರತಿಯ ಪ್ರಕಾರ ಎಲ್ಲರೂ ಉಕ್ಕಿನ ಗಜವನ್ನು ನಳಿಗೆಯೊಳಗೆ ಬೀಳಬಿಟ್ಟು ಸದ್ದು ಕೇಳಿಸಬೇಕು. ಠಣ್ ಎಂದಿತು, ಎಷ್ಟೋ ಹೊತ್ತು ಗುಂಯ್‌ಗುಟ್ಟಿತು.

"ಸದ್ದು ಚೆನ್ನಾಗಿದೆ ಅಲ್ವಾ ಸಾರ್?"

"ಚೆನ್ನಾಗಿದೆ. ನಳಿಗೆ ಖಾಲಿ ಇದೆ ಅಂತ ಅರ್ಥ."

"ಅಷ್ಟೇನಾ ಸಾರ್?"

"ಅಷ್ಟೇ."